ಕಚ್ಚಿದ ರೊಟ್ಟಿಯ ಚಿತ್ರ

ಎರ್ಗಶಣ್ಣನ ಚಿತ್ರದಂಗಡಿಯೆಂದರೆ ಹಳೆಯ ಮದರಸಾದ ಒಂದು ಕೋಣೆ. ಒಂದು ಕಾಲಕ್ಕೆ ಅಲ್ಲಿ ಹುಡುಗರು ಕೂತು ಓದುತ್ತಿದ್ದರಂತೆ. ಈಗ ಗೋಡೆ ತುಂಬ ದಾಳಿಂಬೆ, ಕರಬೂಜ, ಜಡೆ ಹೆಣೆಯುವ ಹುಡುಗಿಯರು, ಚಹಾ ಕುಡಿಯುವ ಮುದುಕರು. ಸಮರ್ಕಂದಕ್ಕೆ ಬರುವ ಪರದೇಶದವರು ಮುದುಕರನ್ನೇ ಹೆಚ್ಚು ಕೊಳ್ಳುತ್ತಾರೆ. ನಮ್ಮ ಮನೆಯ ಮುದುಕರನ್ನು ಬಿಟ್ಟಿಯಾಗಿ ಕೊಡುತ್ತೇನೆಂದರೂ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಆ ಶುಕ್ರವಾರ ನಾನೂ ನನ್ನ ತಮ್ಮನ ಹೆಂಡತಿ ಮುಕದ್ದಸಳೂ ಅಲ್ಲಿಗೆ ಹೊರಟದ್ದು ಒಂದು ರೊಟ್ಟಿಯ ಚಿತ್ರ ಕೊಳ್ಳಲು.

ನಮ್ಮಲ್ಲಿ ದೂರ ಹೋಗುವವನು ಹೊಸಿಲು ದಾಟುವ ಮುಂಚೆ ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗುತ್ತಾನೆ. ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತೇವೆ. ನಮ್ಮದು ದಪ್ಪ ರೊಟ್ಟಿ, ಒಣಗುತ್ತದೆ, ಕೆಡುವುದಿಲ್ಲ. ವಾಪಸು ಬಂದು ಅವನೇ ತಿಂದು ಮುಗಿಸಬೇಕು. ನನ್ನ ತಮ್ಮ ನೋದಿರ್ ಮದುವೆಯಾದ ವರ್ಷವೇ ಗಾರೆ ಕೆಲಸಕ್ಕೆಂದು ರಷ್ಯಾಕ್ಕೆ ಹೊರಟಾಗ ಬಾಯಿ ತುಂಬ ಕಚ್ಚಿದ್ದ. ಚಿಕ್ಕಂದಿನಲ್ಲಿ ಜರ್ದಾಳು ಬೀಜ ಒಡೆಯಲು ಹೋಗಿ ಅವನ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಆ ಹಲ್ಲು ಎಟುಕದ ಕಡೆ ಕಚ್ಚಿದ ಅಂಚಿನಲ್ಲಿ ರೊಟ್ಟಿಯ ಒಂದು ಸಣ್ಣ ಮೂಗು ಉಳಿದುಕೊಂಡಿತು.

"ಇಲಿ ತಿಂದಂಗಿದೆ ಕಣೋ" ಎಂದು ರೇಗಿಸಿದೆ. ಅವನು ತುಟಿ ಮುಚ್ಚಿಕೊಂಡೇ ನಕ್ಕ. ಆ ಹಲ್ಲಿನ ನಾಚಿಕೆಗೆ ಅವನು ನಗುತ್ತಿದ್ದದ್ದೇ ಹಾಗೆ. ಮದುವೆಯ ಫೋಟೋಗಳಲ್ಲೂ ಬಾಯಿ ಬಿಗಿದುಕೊಂಡೇ ನಿಂತಿದ್ದಾನೆ, ಸಾಲ ಕೊಟ್ಟವರು ಎದುರಿಗಿದ್ದ ಹಾಗೆ.

ಆ ಚಳಿಗಾಲ ಎರ್ಗಶಣ್ಣ ನಮ್ಮಲ್ಲಿಗೆ ಚಹಾಕ್ಕೆ ಬಂದಿದ್ದ. ನಮ್ಮ ಬೀದಿಯವನೇ. ಗೋಡೆಯ ರೊಟ್ಟಿಯನ್ನು ಬಹಳ ಹೊತ್ತು ನೋಡಿ, ಮಾರನೆಯ ದಿನ ಬಣ್ಣದ ಪೆಟ್ಟಿಗೆ ಹೊತ್ತು ಬಂದು ಅದನ್ನು ಬರೆದುಕೊಂಡು ಹೋದ. ವಸಂತಕ್ಕೆ ನೋದಿರ್ ಬಂದ, ಮೊಳೆ ಹೊಡೆದ ಪೆಟ್ಟಿಗೆಯೊಳಗೆ. ತೆರೆಯಬೇಡಿ ಎಂದು ಜೊತೆಗೆ ಬಂದವರು ಹೇಳಿದರು. ತೆರೆಯಲಿಲ್ಲ. ತಿನ್ನುವವನೇ ಇಲ್ಲದ ಮೇಲೆ ಇದು ಮನೆಯಲ್ಲಿರಬಾರದು ಎಂದು ಅಮ್ಮ ರೊಟ್ಟಿಯನ್ನು ನೀರಲ್ಲಿ ನೆನೆಸಿ ಗುಬ್ಬಚ್ಚಿಗಳಿಗೆ ಹಾಕಿಬಿಟ್ಟಳು. ಮುಕದ್ದಸ್ ಅಂಗಳಕ್ಕೆ ಓಡಿಬರುವಷ್ಟರಲ್ಲಿ ಅವು ತಿಂದು ಮುಗಿಸಿದ್ದವು. ಅಮ್ಮನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಮುಕದ್ದಸ್ ಮಾರುಕಟ್ಟೆಯಿಂದ ಏದುಸಿರು ಬಿಡುತ್ತ ಬಂದಳು. "ಅಕ್ಕಾ, ಎರ್ಗಶಣ್ಣನ ಅಂಗಡೀಲಿ ನಮ್ಮ ರೊಟ್ಟಿ ಇದೆ. ಅವರು ಕಚ್ಚಿದ್ದು ಹಂಗಂಗೇ ಇದೆ!" ಯಾರಿಗೂ ಮಾರಬೇಡಿ, ಶುಕ್ರವಾರ ಬರುತ್ತೇನೆ ಎಂದು ಅವನಿಗೆ ಹೇಳಿ ಬಂದಿದ್ದಳು. ತವರಿನಿಂದ ತಂದ ಕಸೂತಿ ಹಚ್ಚಡವನ್ನು ಮಾರಿದಳು. ನಾನು ಬೇಡವೆನ್ನಲಿಲ್ಲ. ಎಷ್ಟೋ ತಿಂಗಳ ಮೇಲೆ ಹುಡುಗಿ ಯಾರೂ ಹೇಳದೆ ತಲೆ ಬಾಚಿಕೊಂಡಿದ್ದಳು.

ಶುಕ್ರವಾರ ನಾವು ಅಂಗಡಿ ಹೊಕ್ಕಾಗ "ಬನ್ನಿ ಬನ್ನಿ" ಎಂದ ಎರ್ಗಶಣ್ಣ, ಕೈಯ ಬಣ್ಣ ಒರೆಸಿಕೊಳ್ಳುತ್ತ.

"ಏನಣ್ಣಾ, ನಿನ್ನ ದಾಳಿಂಬೆಗಳೆಲ್ಲ ಒಂದೇ ತಾಯಿ ಮಕ್ಕಳಂಗಿವೆ!" ಎಂದೆ ನಾನು.

"ಕೊಳ್ಳೋರೇ ಸುಮ್ನಿದಾರೆ, ಪುಗಸಟ್ಟೆ ನೋಡೋಳು ನಿಂದೇನೇ ಗಲಾಟೆ, ಹೊಸಿಯತ್?" ಎಂದು ನನ್ನನ್ನು ಗದರಿ, ಮುಕದ್ದಸಳ ಕಡೆ ತಿರುಗಿ ದನಿ ಇಳಿಸಿದ. "ಮೊನ್ನೆ ಒಬ್ಬ ಜರ್ಮನಿಯವ ಇದನ್ನೇ ಬೇಕು ಅಂತ ಕೂತ. ಕೊಡಲ್ಲ ಅಂದೆ. ಇದು ನಮ್ಮ ಹುಡುಗಿದು."

ಅವಳು ಕರವಸ್ತ್ರದ ಗಂಟು ಬಿಚ್ಚಹೋದಳು. ಅವನು ಕೈ ಅಡ್ಡ ಹಿಡಿದ. "ಅದನ್ನ ಒಳಗಿಡು. ನಿನ್ನ ಹತ್ರ ದುಡ್ಡು ತಗೊಂಡು ನಾನು ನೆಮ್ಮದಿಯಾಗಿ ಊಟ ಮಾಡ್ತೀನಾ?"

ಮೂಲೆಯಲ್ಲಿದ್ದ ಚಿತ್ರದ ಮೇಲಿನ ಬಟ್ಟೆ ಸರಿಸಿದ. ಅದೇ ಸುಣ್ಣದ ಗೋಡೆ, ಅದೇ ಮೊಳೆ, ಅದೇ ದಾರ. ದಾರದಲ್ಲಿ ರೊಟ್ಟಿ ದುಂಡಗೆ, ಎಳ್ಳು ಹಚ್ಚಿಕೊಂಡು, ಹೊಳೆಯುತ್ತ, ಪೂರ್ತಿಯಾಗಿತ್ತು.

"ಇದಲ್ಲ" ಎಂದಳು ಮುಕದ್ದಸ್.

"ಇದೇ ಕಣಮ್ಮಾ. ನಾನೇ ಪೂರ್ತಿ ಮಾಡ್ದೆ. ಕಚ್ಚಿದ ರೊಟ್ಟಿ ಅಂದ್ರೆ ಕಾಯೋ ರೊಟ್ಟಿ. ನೀನಿನ್ನೂ ಚಿಕ್ಕೋಳು. ದಿನಾ ಎದ್ದು ಅದನ್ನ ನೋಡ್ಕೊಂಡು ಯಾರಿಗೆ ಅಂತ ಕಾಯ್ತೀಯ? ಇನ್ನು ಕಾಯೋದು ಬೇಡ ಅಂತ ಮುಚ್ಚಿಬಿಟ್ಟೆ."

ಅವಳು ಚಿತ್ರದ ಹತ್ತಿರ ಹೋದಳು. ಕಚ್ಚಿದ್ದ ಜಾಗಕ್ಕೆ ಬೆರಳು ತಂದಳು, ಮುಟ್ಟಲಿಲ್ಲ.

"ಒರೆಸಿಬಿಡಣ್ಣಾ" ಎಂದೆ ನಾನು. "ಬಣ್ಣ ಇನ್ನೂ ಹಸಿ ಇದೆಯಲ್ಲಾ, ಈಗ್ಲೇ ಒರೆಸು."

"ಕೆಳಗೇನೂ ಇಲ್ಲ ಹೊಸಿಯತ್. ಹಳೇ ಬಣ್ಣ ದಪ್ಪ ಕೂತಿತ್ತು. ಹಾಗೇ ಬಳಿದಿದ್ರೆ ಗುರುತು ಎದ್ದು ಕಾಣ್ತಿತ್ತು. ಚಾಕೂಲಿ ಅಡಿಯ ಬಟ್ಟೆ ಕಾಣೋವರೆಗೂ ಕೆರೆದೆ." ಕೊನೆಯ ಮಾತಿಗೆ ಅವನ ದನಿ ಕುಗ್ಗಿತು.

ಬೈಯಲೆಂದು ಬಾಯಿ ತೆರೆದಿದ್ದೆ. ಆಮೇಲೆ ಅವನ ಮುಖ ನೋಡಿದೆ. ಪ್ರೀತಿಯಿಂದ ಮಾಡಿದ್ದನ್ನು ಬೈಯುವುದಾದರೂ ಹೇಗೆ?

"ಅಳಬೇಡಮ್ಮಾ" ಎಂದ. ಅವಳು ಅಳುತ್ತಿರಲಿಲ್ಲ. ಅವನೇ ಕಣ್ಣು ಒರೆಸಿಕೊಂಡು ಕುಂಚ ತೆಗೆದುಕೊಂಡ. "ಮತ್ತೆ ಬರೀತೀನಿ, ಕೂತ್ಕೋ. ಇದ್ದ ಹಾಗೇ ಬರೀತೀನಿ. ಆ ಮೂಗಿತ್ತಲ್ಲ, ಮುರಿದ ಹಲ್ಲಿಂದು, ಅದೂ ನೆನಪಿದೆ. ಯಾವ ಕಡೆ ಇತ್ತು? ಎಡಕ್ಕಾ, ಬಲಕ್ಕಾ?"

"ಎಡಕ್ಕೆ" ಎಂದೆ ನಾನು.

"ಬಲಕ್ಕೆ" ಎಂದಳು ಮುಕದ್ದಸ್.

ಇಬ್ಬರೂ ಒಟ್ಟಿಗೇ ಹೇಳಿದ್ದೆವು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು.

"ನೀವೇ ಸರಿ ಇರ್ಬೇಕು ಅಕ್ಕಾ. ಎಡಕ್ಕೇ."

"ಇಲ್ಲ ಕಣೇ, ನಿಂಗೇ ಗೊತ್ತಿರುತ್ತೆ." ನಾನೇ ಸೊಂಟದ ಮೇಲೆ ಎತ್ತಿ ಆಡಿಸಿದ ತಮ್ಮ. ಅವನ ಬಾಯಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಬಂತು, ಮುಚ್ಚಿಕೊಂಡೇ ಬಂತು. ಮುಕದ್ದಸ್ ಕಣ್ಣು ಮುಚ್ಚಿ ತನ್ನ ಹಲ್ಲುಗಳ ಮೇಲೆ ಬೆರಳಾಡಿಸುತ್ತಿದ್ದಳು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

"ಅಷ್ಟಕ್ಕೆ ಯಾಕೆ ಯೋಚನೆ ಮಾಡ್ತೀರಾ?" ಎಂದ ಎರ್ಗಶಣ್ಣ, ನಮ್ಮನ್ನು ಸಮಾಧಾನ ಮಾಡುವಂತೆ. "ಮನೇಲಿ ಅವನು ನಗ್ತಿರೋ ಫೋಟೋ ಇರುತ್ತಲ್ಲಾ, ಒಂದು ತನ್ನಿ ಸಾಕು."

ಮುಕದ್ದಸ್ ಅಳತೊಡಗಿದ್ದು ಆಗ.