ಮೂರನೆಯ ಪೈಪಿನ ಮಣ್ಣು

ಮೂರನೆಯ ಪೈಪು ಎತ್ತಿದೊಡನೆ ಅನುಸೂಯಾಳಿಗೆ ಗೊತ್ತಾಯಿತು, ಒಳಗೆ ಮಣ್ಣಿಲ್ಲ. ಉಳಿದೆರಡು ಪೈಪುಗಳು, ಅವಳು ಇಳಿದುಕೊಂಡಿದ್ದ ದುರುಗವ್ವನ ಮನೆಯ ಪಡಸಾಲೆಯ ಗೋಡೆಗೆ ಒರಗಿ, ಬಾಯಿಗೆ ಟೇಪು ಸುತ್ತಿಕೊಂಡು, ತಮಗೇನೂ ಗೊತ್ತಿಲ್ಲವೆಂಬಂತೆ ನಿಂತಿದ್ದವು.

ಹನುಮಸಾಗರದ ಆಚೆ, ಯಾರೂ ಒಡ್ಡು ಕಟ್ಟದೆ ತಾನಾಗಿಯೇ ಆದ ಕೆರೆಯೊಂದಿದೆ. ಅದು ಬತ್ತಿದಾಗ ನಟ್ಟನಡುವೆ ಪೈಪು ಬಡಿದು ತೆಗೆದ ಮಣ್ಣು ಅದು. ಮೇಲಿನದು ಹೊಸದು, ಕೆಳಗೆ ಹೋದಷ್ಟೂ ಹಳೆಯದು. ಆ ದಂಡೆಗೆ ಮೊದಲು ಜನ ಬಂದು, ಕಾಡು ಸುಟ್ಟು ಹೊಲ ಮಾಡಿದ್ದು ಯಾವಾಗ ಎಂಬುದು ಅನುಸೂಯಾಳ ಪಿಎಚ್‌ಡಿಯ ಪ್ರಶ್ನೆ. ಉತ್ತರವೇನಾದರೂ ಇದ್ದರೆ ತಳದ ಈ ಮೂರನೆಯ ಪೈಪಿನಲ್ಲಿತ್ತು. ಈಗ ಮಳೆಗೆ ಕೆರೆ ತುಂಬಿತ್ತು. ಬರುವ ಬೇಸಿಗೆಗೆ ಹೂಳೆತ್ತುವ ಯಂತ್ರ ಬರುವುದೂ ಗೊತ್ತಾಗಿತ್ತು. ಇನ್ನೊಮ್ಮೆ ತೆಗೆಯುತ್ತೇನೆ ಎನ್ನುವ ಮಾತೇ ಇರಲಿಲ್ಲ.

ದೇವರ ಜಗಲಿಯ ಮೇಲೆ ಕಪ್ಪು ಮಣ್ಣಿನ ಎರಡು ಎತ್ತು, ಕೊಂಬಿಗೆ ಕುಂಕುಮ, ಮುಂದೆ ಹಿಡಿ ಜೋಳ. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಗಾಡಿ ತರಲು ಕೊಪ್ಪಳಕ್ಕೆ ಹೋಗಿ ನಾಲ್ಕು ದಿನ ಕೂತ ಅನುಸೂಯಾಳಿಗೆ ಅದರ ನೆನಪೇ ಇರಲಿಲ್ಲ.

"ನೀನ ಹೇಳಿದ್ದಿ, ಮಣ್ಣು ಬೇಕಾದ್ರ ತಗೋ ಆಯಿ ಅಂತ," ಎಂದಳು ದುರುಗವ್ವ.

ಹೇಳಿದ್ದು ಹೌದು. ಗೋಣಿಚೀಲದ ಮೇಲೆ ಸುರಿದಿದ್ದ ಬೇಡದ ಮಣ್ಣಿಗೆ ಹೇಳಿದ್ದು. ದುರುಗವ್ವ ಅದನ್ನು ಮೊದಲೇ ಒಲೆಗೆ ಮೆತ್ತಿದ್ದಳು. ಆಮೇಲೆ ಕೆರೆಗೆ ನೀರು ಬಂದು ಎತ್ತಿಗೆ ಮಣ್ಣು ಸಿಗದಾಯಿತು. ನಲವತ್ತು ವರ್ಷದಿಂದ ಓಣಿಯ ಮನೆಗಳಿಗೆ ಎತ್ತು ಮಾಡಿಕೊಡುವ ಮುದುಕಿ ಈ ವರ್ಷ ಇಲ್ಲವೆನ್ನುವುದು ಹೇಗೆ? ಪೈಪನ್ನೇ ಬಿಚ್ಚಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎಂದು ತನ್ನನ್ನೇ ಬೈದುಕೊಂಡು, ಅನುಸೂಯಾ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟಳು.

ಮುದುಕಿಗೆ ಸಂಕಟವಾಯಿತು. ಜಗಲಿಯಿಂದ ಎತ್ತುಗಳನ್ನು ತಂದು ಅವಳ ಮುಂದಿಟ್ಟಳು. "ಪೂಜಿ ಆಗೈತಿ. ಆದ್ರೂ ಒಡದು ತಗೊಂಡು ಹೋಗು. ದೇವ್ರು ಕೇಳಿದ್ರ ನಾ ಹೇಳ್ತೀನಿ."

"ಒಡದ್ರ ಬರಂಗಿಲ್ಲ ಆಯಿ. ಕಲಸಿದ್ಮ್ಯಾಲ ಯಾವ್ದು ಕೆಳಗಿಂದು, ಯಾವ್ದು ಮ್ಯಾಲಿಂದು ಯಾರಿಗೆ ಗೊತ್ತು?"

"ನನಗ ಗೊತ್ತೈತಲ್ಲ."

ಮುದುಕಿ ಹೇಳಿದ್ದು ಇಷ್ಟು. ಪೈಪಿನ ಎರಡೂ ಬಾಯಿ ಬಿಚ್ಚಿ, ಕೋಲಿನಿಂದ ನೂಕಿದಾಗ ಕಪ್ಪು ಟೇಪಿನ ಬಾಯಿಂದ ಮೊದಲು ಬಂದ ಮಣ್ಣು ಬೆಣ್ಣೆಯಂತಿತ್ತು, ಕೈಗೆ ಒಂದು ಕಸವೂ ಹತ್ತಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಇದ್ದಿಲ ಚೂರು ಬರತೊಡಗಿ, ಪೈಪು ಮುಗಿಯುವ ತನಕ ಬಂತು. ಇದ್ದಿಲಿದ್ದರೆ ಒಣಗಿದಾಗ ಎತ್ತಿನ ಮೈ ಸೀಳುತ್ತದೆಂದು ಒಂದೊಂದೇ ಆರಿಸಿ ತೆಗೆದಿದ್ದಳು.

ಅನುಸೂಯಾ ಕಣ್ಣೊರೆಸಿಕೊಂಡಳು. ಕಪ್ಪು ಟೇಪು ಸುತ್ತಿದ್ದು ತಾನೇ, ತಳದ ಬಾಯಿಗೆ. ಆರಿಸಿದ್ದು ಎಲ್ಲಿ ಎಂದು ಕೇಳಿದಳು. ದುರುಗವ್ವ ಒಲೆಯ ಪಕ್ಕದಿಂದ ಒಂದು ತೆಂಗಿನ ಪರಟೆ ತಂದಳು. ಅದರೊಳಗೆ ಉಗುರಿನಷ್ಟು, ಜೋಳದ ಕಾಳಿನಷ್ಟು ಇದ್ದಿಲ ಚೂರುಗಳು ಒಂದು ಹಿಡಿಯಾಗುವಷ್ಟಿದ್ದವು. ಎಂದೋ ಯಾರೋ ಹಚ್ಚಿದ ಬೆಂಕಿ.

"ಮೊದಲ್ನೇದು ಎಲ್ಲಿಂದ ಬಂತು, ತೋರಸ್ತಿಯೇನು ಆಯಿ?"

ದುರುಗವ್ವ ಖಾಲಿ ಪೈಪನ್ನು ತೊಡೆಗಡ್ಡ ಇಟ್ಟುಕೊಂಡು, ಕಪ್ಪು ಟೇಪಿನ ಅಂಟು ಉಳಿದ ತುದಿಯಿಂದ ಒಂದು ಗೇಣು ಹಾಕಿದಳು. ಅದರ ಮುಂದೆ ನಾಲ್ಕು ಬೆರಳು. ಕಣ್ಣು ಮುಚ್ಚಿ ಅಂಗೈಯಲ್ಲಿ ಏನನ್ನೋ ಹಿಸುಕಿ ನೋಡಿ, ಒಂದು ಬೆರಳು ಹಿಂದೆ ಸರಿದಳು. ಆಮೇಲೆ ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ ಅಲ್ಲಿ ಒತ್ತಿದಳು.

"ಇಲ್ಲಿಂದ."

ಗೈಡು ಇದನ್ನು ಒಪ್ಪುತ್ತಾರೋ ಬಿಡುತ್ತಾರೋ ಅನುಸೂಯಾಳಿಗೆ ಗೊತ್ತಿರಲಿಲ್ಲ. ಇದ್ದಿಲನ್ನು ಡಬ್ಬಿಗೆ ಹಾಕಿ ಬ್ಯಾಗಿನಲ್ಲಿಟ್ಟಳು. ತುಂಬಿದ ಎರಡು ಪೈಪುಗಳು ಗಾಡಿಯ ಹಿಂಬದಿಯಲ್ಲಿ ಮಲಗಿದವು. ಖಾಲಿ ಪೈಪನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು, ಕುಷ್ಟಗಿ ದಾಟುವ ತನಕವೂ ಕುಂಕುಮಕ್ಕೆ ಕೈ ತಾಗದಂತೆ ಎರಡು ತುದಿಗಳಲ್ಲಿ ಹಿಡಿದು ಕೂತಿದ್ದಳು.