ಮುಷ್ಟಿಯಲ್ಲಿದ್ದ ರಬ್ಬರ್

ಪೆನ್ಸಿಲ್ ನಿಂತಿತು, ಯಾಕೆ ನಿಂತಿತು, ಇಷ್ಟು ಹೊತ್ತು ಕಾಗದದ ಮೇಲೆ ಕರಕರ ಅನ್ನುತ್ತಿದ್ದದ್ದು ಈಗ ಇಲ್ಲ, ತಲೆ ಎತ್ತಬೇಡ, ನಿನ್ನ ಕೆಲಸ ನೀನು ನೋಡು, ಮಡಿಲಲ್ಲಿ ಟೈಲರ್ ಅಂಗಡಿಯಿಂದ ತಂದ ಕಾಲರ್ ಇದೆ, ಹೊಲಿಗೆ ಸೊಟ್ಟಗಿದೆ, ಬಿಚ್ಚು — ಆದರೂ ಕಣ್ಣು ಹೋಗಿಯೇ ಹೋಯಿತು, ಮೇಜಿನ ಆ ತುದಿಗೆ, ನನ್ನ ಗುಬ್ಬಿಯ ಲೆಕ್ಕದ ಪುಸ್ತಕಕ್ಕೆ. ನಲವತ್ತೆರಡರಲ್ಲಿ ಹದಿನೇಳು ಕಳೆದು ಮೂವತ್ತೈದು ಎಂದು ಬರೆದಿದ್ದಾಳೆ. ತಪ್ಪು. ಎಡಗೈ ತಾನಾಗಿಯೇ ಬಿಗಿಯಿತು, ಕಾಲರಿನ ಅಡಿಯಲ್ಲಿ, ಆ ಮುಷ್ಟಿಯೊಳಗೆ, ಅವಳ ರಬ್ಬರ್ ಇದೆ, ಮಗು ಮುಖ ತೊಳೆಯಲು ಹೋದಾಗ ಅವಳ ಡಬ್ಬಿಯಿಂದ ಕದ್ದದ್ದು, ಹೌದು, ಎರಡನೇ ಕ್ಲಾಸಿನ ಹುಡುಗಿಯ ಡಬ್ಬಿಗೆ ಕೈ ಹಾಕುವಷ್ಟು ದೊಡ್ಡ ಮನುಷ್ಯಳಾಗಿದ್ದೇನೆ. ಬೇರೆ ದಿನವಾಗಿದ್ದರೆ ಇಷ್ಟರಲ್ಲಿ ನಾನೇ ಉಜ್ಜಿ ಊದಿ ಆಗಿರುತ್ತಿತ್ತು, ಕಣ್ಣು ಎಲ್ಲಿಟ್ಟಿದ್ದೀಯೇ, ಎರಡರಲ್ಲಿ ಏಳು ಹೋಗುತ್ತೇನೇ, ಇಪ್ಪತ್ತೈದು ಬರಿ, ಬರಿ ಬೇಗ, ಅವಳು ಬರೆಯುತ್ತಿದ್ದಳು, ಹಾಳೆ ಚೊಕ್ಕವಾಗುತ್ತಿತ್ತು, ನಾನು ಒಲೆ ಹಚ್ಚಲು ಹೋಗುತ್ತಿದ್ದೆ. ಇವರು ಪೇಪರಿನ ಹಿಂದಿನಿಂದ ಹೇಳಿದ್ದರು, ಎರಡನೇ ಕ್ಲಾಸು ಕಣೇ, ಡಾಕ್ಟರ್ ಪರೀಕ್ಷೆ ಅಲ್ಲ, ಬಿಡು. ಪೇಪರ್ ಓದೋರಿಗೆ ಏನು ಗೊತ್ತು ಎಂದು ಬಾಯಿ ಮುಚ್ಚಿಸಿದ್ದೆ, ಅದರಲ್ಲಿ ನಾನು ಗಟ್ಟಿ.

ಇವತ್ತು ಮಧ್ಯಾಹ್ನ ಶಾಲೆಯ ಆ ಪುಟ್ಟ ಬೆಂಚಿನ ಮೇಲೆ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತಾಗ ಗಟ್ಟಿತನ ಎಲ್ಲಿ ಹೋಗಿತ್ತೋ. ಟೀಚರ್ ನನಗಿಂತ ಚಿಕ್ಕವರು, ತೋಳಿನ ತುಂಬ ಸೀಮೆಸುಣ್ಣ, ಪಕ್ಕದಲ್ಲಿ ಗುಬ್ಬಿ, ಮುಂದೆ ಎರಡು ಪುಸ್ತಕ. ನೋಡೀಮ್ಮ, ಇದು ಮನೆಯದು, ಒಂದು ತಪ್ಪಿಲ್ಲ, ಇದು ಕ್ಲಾಸಿನದು, ಒಂದು ಉತ್ತರ ಇಲ್ಲ, ಬರೀತಾಳೆ, ನಾನು ಹತ್ರ ಬರೋದ್ರೊಳಗೆ ಅಳಿಸ್ತಾಳೆ, ರಬ್ಬರ್ ತೆಗೆದಿಟ್ರೆ ಬೆರಳು ಒದ್ದೆ ಮಾಡ್ಕೊಂಡು ಉಜ್ತಾಳೆ. ಹಾಳೆ ಎತ್ತಿ ಹಿಡಿದರು, ತೂತು, ಹೆಬ್ಬೆರಳಿನಷ್ಟು, ಅಂಚಿಗೆ ಬೂದು ಬಣ್ಣದ ನಾರು, ಅದರಾಚೆ ಮುಂದಿನ ಹಾಳೆಯ ನೀಲಿ ಗೆರೆ. ಅವಳು ಎಲ್ಲಿ ಎಡವ್ತಾಳೆ ಅಂತ ಕಂಡ್ರೆ ತಾನೆ ನಾನು ಹೇಳಿಕೊಡೋದು, ಮನೇಲಿ ಯಾರಾದ್ರೂ ಅಳಿಸಿ ಬರೆಸ್ತೀರಾ. ಸುಲಭದ ಪ್ರಶ್ನೆ, ಹೌದು ಅಂದಿದ್ದರೆ ಮುಗಿಯುತ್ತಿತ್ತು. ಇಲ್ಲ ಟೀಚರ್, ನಾನು ಮುಟ್ಟೋದೂ ಇಲ್ಲ, ಅವಳೇ ಅಳಿಸ್ಕೋತಾಳೆ, ಮೊದಲಿಂದ್ಲೂ ಅವಳಿಗೆ ಅದೊಂದು ಹುಚ್ಚು — ನನ್ನದೇ ನಾಲಿಗೆ, ಎಷ್ಟು ಸಲೀಸು, ಜೊತೆಗೊಂದು ನಗೆ ಬೇರೆ. ಗುಬ್ಬಿ ಒಂದು ಸಲ ನನ್ನ ಮುಖ ನೋಡಿದಳು. ಹೌದಾ ಮರಿ, ಎಂದರು ಟೀಚರ್. ಹೂಂ ಎಂದಳು. ನನ್ನ ಮಗಳು ನನಗಾಗಿ ಹೂಂ ಎಂದಳು. ಟೀಚರ್ ಅವಳ ತಲೆ ಸವರಿ, ತಪ್ಪಾಗಿದ್ರೂ ಹಾಗೇ ಕಳಿಸಿ, ಹೇಗೆ ಮಾಡಿದೆ ಅಂತ ಕೇಳಿ, ಅಷ್ಟು ಸಾಕು ಎಂದರು, ನಾನು ತಲೆ ಆಡಿಸಿದೆ, ದೊಡ್ಡ ಸಭ್ಯಸ್ಥೆಯ ಹಾಗೆ. ಹನ್ನೊಂದು ವರ್ಷದಿಂದ ಅಂಗಡಿಯಲ್ಲಿ ಕಲಿತದ್ದು ಇದೇ, ಗಿರಾಕಿ ಕೈಗೆ ಹೋಗೋವಾಗ ಸೂಜಿ ತೂತೂ ಕಾಣ್ಬಾರದು ಅನ್ನುತ್ತಾರೆ ಮಾಸ್ಟರು, ಬಟ್ಟೆಯನ್ನು ಬೆಳಕಿಗೆ ಹಿಡಿದು, ನಾನು ಬಿಚ್ಚಿ, ಉಗುರಿನಿಂದ ತೀಡಿ, ಇಸ್ತ್ರಿ ಎಳೆಯುತ್ತೇನೆ, ದಾರ ಇದ್ದ ಜಾಗವೇ ತಿಳಿಯುವುದಿಲ್ಲ, ಅದಕ್ಕೇ ನನಗೆ ಅಲ್ಲಿ ಹೆಸರು. ಬಟ್ಟೆ ಕೂಡಿಕೊಳ್ಳುತ್ತದೆ. ಹಾಳೆಗೆ ಅದು ಬರುವುದಿಲ್ಲವಲ್ಲ.

ಪೆನ್ಸಿಲ್ ಇನ್ನೂ ನಿಂತೇ ಇದೆ, ಕಿಟಕಿಯಾಚೆ ಬೀದಿಯಲ್ಲಿ ಮಕ್ಕಳು ಚೆಂಡಿಗಾಗಿ ಜಗಳ ಆಡುತ್ತಿದ್ದಾರೆ, ಇವಳು ಆಡಲು ಹೋಗಿಲ್ಲ, ಹೋಗು ಎಂದು ನಾನು ಹೇಳಿಯೂ ಇಲ್ಲ. ಕೇಳು, ಟೀಚರ್ ಹೇಳಿದ ಹಾಗೆ ಕೇಳು, ಗಂಟಲು ಮೆತ್ತಗೆ ಮಾಡಿಕೊಂಡು — ಗುಬ್ಬಿ, ಇದನ್ನ ಹೇಗೆ ಮಾಡ್ದೆ ಹೇಳು ನೋಡೋಣ. ತಕ್ಷಣ ಅಂಗೈ ಉತ್ತರದ ಮೇಲೆ ಕೂತಿತು. ತಪ್ಪಾಮ್ಮ. ತಪ್ಪಾದ್ರೂ ಇರ್ಲಿ ಕಣೇ, ಸುಮ್ನೆ ಕೇಳ್ದೆ. ಎರಡರಲ್ಲಿ ಏಳು ಹೋಗಲ್ವಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ. ಓ, ಇಷ್ಟೇನಾ, ಇಷ್ಟು ದಿನ ಇದೊಂದೇ ಜಾಗದಲ್ಲಿ ಎಡವುತ್ತಿದ್ದಳಾ, ಪ್ರತಿ ಸಂಜೆ ನಾನು ಉಜ್ಜಿ ಹಾಕಿದ್ದು ಇದನ್ನೇನಾ, ಒಂದು ದಿನ ಕೇಳಿದ್ದರೆ, ಒಂದೇ ದಿನ — ಅವಳು ಡಬ್ಬಿ ತಡಕಾಡುತ್ತಿದ್ದಾಳೆ, ರಬ್ಬರ್ ಇಲ್ಲ, ನನ್ನ ಮುಷ್ಟಿ ಬೆವರಿದೆ, ಅವಳ ತೋರುಬೆರಳು ನಾಲಿಗೆಗೆ ಹೋಯಿತು. ಬೇಡ ಮರಿ. ಕೇಳಿಲ್ಲಿ, ಅಳಿಸ್ತಾ ಇದ್ದಿದ್ದು ನಾನು, ನಿನ್ನ ಮೇಲೆ ಹಾಕ್ಬಿಟ್ಟೆ, ನಾಳೆ ಟೀಚರ್ ಹತ್ರ ಬಂದು ಹೇಳ್ತೀನಿ. ಗುಬ್ಬಿ ತಲೆ ಎತ್ತಲಿಲ್ಲ. ಹೇಳ್ಬೇಡಮ್ಮ, ಆಮೇಲೆ ನಿಂದು ತಪ್ಪಾಗುತ್ತೆ. ಅಷ್ಟೇ ಹೇಳಿದಳು, ನಾನೇ ಕಲಿಸಿದ ಪಾಠ, ಒಂದಕ್ಷರ ಬಿಡದೆ ಒಪ್ಪಿಸಿದಳು, ಇರಲಿ, ಕೈ ಚಾಚು, ಹಿಡಿದುಕೋ ಆ ಕೈಯನ್ನು, ಮುಷ್ಟಿ ಯಾಕೆ ಬಿಚ್ಚುತ್ತಿಲ್ಲ, ಒದ್ದೆ ಬೆರಳು ಮೂವತ್ತೈದರ ಮೇಲೆ ಇಳಿಯುತ್ತಿದೆ, ಸುತ್ತುತ್ತಿದೆ, ಮೂರು ಹೋಯಿತು, ಐದು ಹೋಯಿತು, ಬೂದು ಬಣ್ಣದ ನಾರು ಏಳುತ್ತಿದೆ, ಬೆರಳು, ಒದ್ದೆ ಬೆರಳು, ಹಾಳೆಯ ತೂತು, ಅದರಾಚೆ ನೀಲಿ ಗೆರೆ