ಭಂಡಾರ ತಿಂದ ಪೆಟ್ಟಿಗೆ

ನನ್ನ ಕೈಗೆ ಬಂದ ವಾಲ್ವ್ ರೇಡಿಯೋ ಯಾವುದೂ ಇದುವರೆಗೆ ಮೂಕವಾಗಿ ಮನೆಗೆ ಮರಳಿಲ್ಲ. ಇದನ್ನು ಕೇಳಿ ಜಂಬ ಅನ್ನುವವರಿದ್ದಾರೆ. ಅನ್ನಲಿ, ಜಂಬವೇ ಅದು. ಕುಂದಗೋಳದ ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುವುದು ನನ್ನ ನೌಕರಿ, ಬಲ್ಬಿನಂತೆ ಹೊತ್ತುವ ಗಾಜಿನ ವಾಲ್ವಿನ ಹಳೆಯ ಸೆಟ್ಟುಗಳನ್ನು ಬದುಕಿಸುವುದು ನನ್ನ ಚಟ. ನಮ್ಮ ಊಟದ ಮೇಜಿನ ಮೇಲೆ ತಟ್ಟೆಗಿಂತ ತಂತಿಯೇ ಹೆಚ್ಚು ಇರುವುದನ್ನು ನನ್ನ ಗಂಡ ಕೃಷ್ಣಾಜಿ ಎಂದೋ ಒಪ್ಪಿಕೊಂಡುಬಿಟ್ಟಿದ್ದಾರೆ. ಬಂದವರ ಮುಂದೆ "ನಮ್ಮ ವೃಂದಾ ಅಡಿಗಿ ಚೊಲೊ ಮಾಡ್ತಾಳ, ಬೆಸುಗಿ ಇನ್ನೂ ಚೊಲೊ ಮಾಡ್ತಾಳ" ಎನ್ನುತ್ತಾರೆ.

ಶ್ರಾವಣ ಹತ್ತಿರ ಬಂದಾಗ ಕುಬಿಹಾಳದಿಂದ ಇಬ್ಬರು ಟೆಂಪೋದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಹೇರಿಕೊಂಡು ಬಂದರು. ಒಬ್ಬ ಬೀರಪ್ಪನ ಗುಡಿಯ ಪೂಜಾರಿ ಬೀರಲಿಂಗಪ್ಪ, ಹೆಗಲ ಮೇಲೆ ಕರಿ ಕಂಬಳಿ. ಇನ್ನೊಬ್ಬಳು ಡೊಳ್ಳಿನ ಹಾಡಿನ ಮೇಳದ ರೇಣುಕವ್ವ. ನಮಸ್ಕಾರಕ್ಕೂ ಮೊದಲೇ ಅವಳು ಬಾಯಿ ತೆಗೆದಳು.

"ಅಕ್ಕಾರ, ಇದು ಮಾತಾಡಬೇಕ್ರಿ."

"ಮಾತಾಡ್ತದ. ಏನಾಗ್ಯದ ಇದಕ್ಕ?"

"ಮೊದಲ ಗುರ್ ಅಂತೈತ್ರಿ. ಆಮ್ಯಾಲ ಚಟಪಟ ಅಂತೈತಿ. ಆಮ್ಯಾಲ ಸುಮ್ಮನ ಕುಂದರ್ತೈತಿ."

"ನಮ್ಮ ಪ್ರಿನ್ಸಿಪಾಲರೂ ಹಂಗ," ಎಂದೆ. ಬೀರಲಿಂಗಪ್ಪ ನಗಲಿಲ್ಲ. ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ.

ಮೇಲ್ಭಾಗದಲ್ಲಿ ರೇಡಿಯೋ, ಕೆಳಗೆ ಆಂಪ್ಲಿಫಾಯರ್, ಹೀಗೆ ಎರಡೂ ಕೂಡಿದ ಪೆಟ್ಟಿಗೆ ಅದು. ಒಂದು ಕಾಲಕ್ಕೆ ಕುಬಿಹಾಳದ ಚಾವಡಿಯಲ್ಲಿ ಕುಳಿತು ಇಡೀ ಊರಿಗೆ ಕೃಷಿ ವಾರ್ತೆ ಹೇಳುತ್ತಿತ್ತಂತೆ. ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಗುಡಿಗೆ ಬಂತು. ಅಲ್ಲಿಂದ ಮುಂದೆ ಮೇಳದ ಹಾಡೆಲ್ಲ ಇದರ ಹಾರ್ನಿನಿಂದಲೇ ಊರಿಗೆ ಕೇಳಿಸಿದ್ದು. ಹಾಡುತ್ತಿದ್ದವಳು ದುಂಡವ್ವ. ರೇಣುಕವ್ವನಿಗೆ ಕಲಿಸಿದವಳೂ ಅವಳೇ.

ಆ ಮೇಳದಲ್ಲಿ ಒಂದು ಪದ್ಧತಿ ಇದೆ. ಮುಂದಾಳು ಬದಲಾಗುವಾಗ ಹಳೆಯ ಮುಂದಾಳು ಹೊಸಬಳ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕಿವಿಯಾರೆ ಕೇಳಬೇಕು. ಮನಸ್ಸಿಗೆ ಬಂದರೆ ದೇವರ ಭಂಡಾರ, ಅಂದರೆ ಅರಿಸಿನದ ಪುಡಿ, ಅವಳ ಹಣೆಗೆ ಮುಟ್ಟಿಸಬೇಕು. ಆಮೇಲೆಯೇ ಅವಳು ಮುಂದಾಳು. ಶ್ರಾವಣದ ಮೊದಲ ಸೋಮವಾರ ರೇಣುಕವ್ವನ ಸರದಿ ಎಂದು ನಿಗದಿಯಾಗಿತ್ತು. ಅಷ್ಟರಲ್ಲಿ ದುಂಡವ್ವ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಷನ್ ಆಗಿದೆ, ಹಾಸಿಗೆ ಬಿಟ್ಟು ಅಲುಗಾಡಬಾರದು ಎಂದಿದ್ದಾರೆ ಡಾಕ್ಟರು.

"ಮುಂದ ಹಾಕೂಣಂದ್ರ ದುಂಡವ್ವ ಆಯಿ ಒಲ್ಲೆ ಅಂತಾಳ್ರಿ," ಎಂದಳು ರೇಣುಕವ್ವ. "ಹಾಸಗಿ ಮ್ಯಾಲಿಂದ ಕೇಳ್ತೀನಿ, ಹಾರ್ನ್ ಹಚ್ಚರಿ ಅಂದಾಳ. ಹಂತಾದ್ರಾಗ ಇದು ಕೆಟ್ಟು ಕುಂತೈತಿ."

"ಫೋನ್ ಹಚ್ಚಿ ಕೇಳಸ್ರಿ."

"ಫೋನ್‌ನಾಗ ಡೊಳ್ಳು ಬಡದ್ರ ಡಬ್ಬಿಯೊಳಗ ಹರಳ ಅಲ್ಲಾಡಿಸಿದಂಗ ಕೇಳ್ತೈತ್ರಿ. ನಮ್ಮ ಮೇಳದ ಬಸಣ್ಣ ಬಾಡಿಗಿ ಸೌಂಡ್ ಬಾಕ್ಸ್ ತರ್ತೀನಿ ಅಂತಾನ. ಅದು ಎದಿ ನಡುಗಸ್ತೈತಿ, ಮಾತು ತಿಳಿಯಂಗಿಲ್ಲ. ನಮ್ಮ ಹಾಡಿನಾಗ ಮಾತ ಮುಖ್ಯ ಅಲ್ಲೇನ್ರಿ? ಒಂದು ಮಾತು ತಪ್ಪಿ ಕೇಳಿದ್ರ ಆಯಿ ಭಂಡಾರ ಕೊಡಂಗಿಲ್ಲ."

ಆ ಮಾತು ನನಗೆ ಹಿಡಿಸಿತು. "ಬಸಣ್ಣಗ ಬಾಕ್ಸ್ ಬ್ಯಾಡ ಅಂತ ಹೇಳ್ರಿ," ಎಂದೆ. "ಸೋಮವಾರ ಇದು ಮಾತಾಡ್ತದ."

ಅವರು ಹೊರಡುವ ಮೊದಲೇ ಪೆಟ್ಟಿಗೆ ಬಿಚ್ಚಿದೆ. ಒಳಗೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಎಲ್ಲ ಹಳದಿ. ವಾಲ್ವಿನ ಬುಡ, ತಂತಿಯ ಸಂದಿ, ಟ್ರಾನ್ಸ್‌ಫಾರ್ಮರಿನ ನೆತ್ತಿ, ಎಲ್ಲೆಲ್ಲೂ ವರ್ಷಗಟ್ಟಲೆ ಎರಚಿದ ಭಂಡಾರ ಗಟ್ಟಿಯಾಗಿ ಕುಳಿತಿತ್ತು. ದೇವರಿಗೆ ಎರಚಿದವರು ಪೆಟ್ಟಿಗೆಗೂ ಒಂದು ಮುಷ್ಟಿ ಎರಚದೆ ಬಿಟ್ಟಿರಲಿಲ್ಲ. ಮಳೆಗಾಲದ ತೇವ ಕುಡಿದ ಅರಿಸಿನದ ಮೇಲೆ ಕರೆಂಟು ದಾರಿ ಬಿಟ್ಟು ಅಡ್ಡಾಡತೊಡಗುತ್ತದೆ. ಗುರ್ ಅನ್ನುವುದೂ ಚಟಪಟ ಅನ್ನುವುದೂ ಅದರಿಂದಲೇ.

"ಪೂಜಾರೇರ, ಇಷ್ಟು ಭಂಡಾರ ತಿಂದ ಯಂತ್ರಕ್ಕ ಅಜೀರ್ಣ ಆಗದ ಇರ್ತದೇನು? ಇನ್ನು ಮ್ಯಾಲ ಇದಕ್ಕ ಒಂದು ಚಿಟಿಗಿನೂ ಹಾಕಂಗಿಲ್ಲ."

ಬೀರಲಿಂಗಪ್ಪನ ಮುಖ ಸಣ್ಣದಾಯಿತು. "ಹಾಕಂಗಿಲ್ರಿ. ಆದ್ರ ಅಕ್ಕಾರ, ಅದನ್ನ ಕಸದಾಗ ಚೆಲ್ಲಬ್ಯಾಡ್ರಿ. ದೇವರದು."

ಚೆಲ್ಲಲಿಲ್ಲ. ಬಿಳಿ ಬಟ್ಟೆ ಹಾಸಿ, ಮೆತ್ತನೆಯ ಕುಂಚದಿಂದ ಉದುರಿಸಿ, ಪೊಟ್ಟಣ ಕಟ್ಟಿ ಅವನ ಕೈಗೇ ಕೊಟ್ಟೆ. ಕಣ್ಣಿಗೊತ್ತಿಕೊಂಡು ಒಯ್ದ.

ಮುಂದಿನ ಕೆಲಸ ನನ್ನದು. ಒಣಗಿ ಸತ್ತಿದ್ದ ಕಂಡೆನ್ಸರುಗಳನ್ನು ಕಿತ್ತು ಹೊಸವನ್ನು ಕೂಡಿಸಿದೆ. ಹಾರ್ನಿಗೆ ಜೋರು ಕೊಡುವ ದೊಡ್ಡ ವಾಲ್ವುಗಳು ನಾಲ್ಕೂ ಮುದಿಯಾಗಿ ಕೆಲಸಕ್ಕೆ ಬಾರದಂತಾಗಿದ್ದವು. ಹುಬ್ಬಳ್ಳಿಯಲ್ಲಿ ಅಂಗಡಿ ಮುಚ್ಚುತ್ತಿದ್ದ ರೇಡಿಯೋದವರೊಬ್ಬರ ಬಳಿ ಅದೇ ಜಾತಿಯ ನಾಲ್ಕು ಸಿಕ್ಕವು. ಐದನೆಯದು ಅವರಲ್ಲೂ ಇರಲಿಲ್ಲ. ಹಳೆಯ ಪೆಟ್ಟಿಗೆಗೆ ಫ್ಯೂಸೂ ಇಲ್ಲ, ಅರ್ಥಿಂಗೂ ಇಲ್ಲ. ಎರಡನ್ನೂ ಹಾಕಿದೆ. ಇನ್ನೊಂದು ಮೈಕಿಗೂ ಜಾಗ ಮಾಡಿದೆ. ನಡುವೆ ಒಮ್ಮೆ ನೋಡಲು ಬಂದ ರೇಣುಕವ್ವ ಅರ್ಥಿಂಗಿನ ಹಸಿರು ತಂತಿ ಕಂಡು, ಇದೇನು ಎಂದು ಕೇಳಿದಳು.

"ಮೈಕ್ ಹಿಡಿದ್ರ ತುಟಿ ಜುಮ್ ಅನ್ನಬಾರದಲ್ಲ, ಅದಕ್ಕ."

"ಅಯ್ಯ, ಆಯಿ ಅದನ್ನ ಬೀರಪ್ಪನ ಪ್ರಸಾದ ಅಂತಿದ್ಲಲ್ರಿ!"

"ಪ್ರಸಾದ ಅಲ್ಲ ತಂಗಿ, ಕರೆಂಟು. ನಿಮ್ಮ ಆಯಿ ಗಟ್ಟಿ ಇದ್ದಾಳ, ಉಳಕೊಂಡಾಳ."

ಭಾನುವಾರ ಸ್ವಿಚ್ ಹಾಕಿದೆ. ವಾಲ್ವುಗಳು ನಿಧಾನಕ್ಕೆ ಕೆಂಡದಂತೆ ಹೊತ್ತಿಕೊಂಡವು. ಗುರ್ ಇಲ್ಲ, ಚಟಪಟ ಇಲ್ಲ. ರೇಡಿಯೋದ ಮುಳ್ಳು ಸರಿಸಿದರೆ ಧಾರವಾಡ ಕೇಂದ್ರ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳಿತು. ಕೃಷ್ಣಾಜಿ ಚಹದ ಕಪ್ಪು ಹಿಡಿದುಕೊಂಡೇ ನಿಂತುಬಿಟ್ಟರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ವಾಲ್ವಿನ ಮೇಲೆ ಕೂಡಿಸುವ ಜಾಳಿಗೆಯ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡೆ, ಪೆಟ್ಟಿಗೆಗೆ ಹಾಕಲಿಲ್ಲ. ಅಷ್ಟು ಚಂದ ಉರಿಯುವುದನ್ನು ಮುಚ್ಚಿಡುವುದೆಂದರೇನು? ಕುಬಿಹಾಳದವರೂ ನೋಡಲಿ ಅನಿಸಿತು.

ಸೋಮವಾರ ಮಧ್ಯಾಹ್ನ ಗುಡಿಯ ಅಂಗಳ ತುಂಬಿತ್ತು. ಗುಡಿಯ ಮಾಳಿಗೆಯ ಮೇಲೆ ಎರಡು ಹಾರ್ನ್, ಒಂದು ಅಂಗಳದ ಕಡೆ, ಇನ್ನೊಂದು ಮೂಡಣ ಓಣಿಯ ಕಡೆ. ಆ ಓಣಿಯ ಕೊನೆಯ ಮನೆ ದುಂಡವ್ವನದು. ಅವಳ ಸೊಸೆ ಸುಧಾರಾಣಿ ಹಾಸಿಗೆಯನ್ನು ಕಿಟಕಿಗೆ ಸರಿಸಿಟ್ಟಿದ್ದಳಂತೆ. ಕಟ್ಟೆಯ ಮೇಲೆ ಪೆಟ್ಟಿಗೆ ಕೂಡಿಸಿ ಹೊತ್ತಿಸಿದೆ. ಹೆಂಗಸರು ಬಗ್ಗಿ ಬಗ್ಗಿ ನೋಡಿ "ಒಳಗ ದೀಪಾ ಹಚ್ಚ್ಯಾರ ನೋಡ" ಎಂದರು. ರೇಣುಕವ್ವ "ಹಲೋ" ಅಂದದ್ದೇ ತಡ, ಎರಡೂ ಹಾರ್ನ್ ಸ್ಪಷ್ಟವಾಗಿ "ಹಲೋ" ಅಂದವು. ಬಾಡಿಗೆ ಬಾಕ್ಸ್ ಬಿಟ್ಟುಕೊಟ್ಟಿದ್ದ ಬಸಣ್ಣನ ಕಡೆಗೆ ನಾನು ಸುಮ್ಮನೆ ಒಮ್ಮೆ ನೋಡಿದೆ. ಅಷ್ಟು ಸಾಕಾಗಿತ್ತು.

ಡೊಳ್ಳಿನವರು ಹಗ್ಗ ಬಿಗಿಯುವುದನ್ನು ನೋಡಲು ಅತ್ತ ತಿರುಗಿದೆ. ಹಿಂದಿನಿಂದ ಕಾಯಿ ಒಡೆದ ಸಪ್ಪಳ ಕೇಳಿತು. ಆಮೇಲೆ ಟಣ್ ಎಂದು ಸಣ್ಣ ಸಪ್ಪಳ. ಈ ಎರಡನೆಯದು ಏನೆಂದು ತಿರುಗದೆಯೂ ನನಗೆ ಗೊತ್ತಾಯಿತು.

ಬೀರಲಿಂಗಪ್ಪ ಕೈಯಲ್ಲಿ ಕಾಯಿಯ ಹೋಳು ಹಿಡಿದುಕೊಂಡು ನಿಂತಿದ್ದ. ಕಾಯಿ ನೀರನ್ನು ಭಕ್ತಿಯಿಂದ ಪೆಟ್ಟಿಗೆಯ ಮೇಲೆ ಪ್ರೋಕ್ಷಿಸಿದ್ದ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಇನ್ನೇನಾಗುತ್ತದೆ? ದೊಡ್ಡ ವಾಲ್ವು ಒಂದು ಸೀಳಿತ್ತು. ಒಳಗೆ ಗಾಳಿ ನುಗ್ಗಿ ಅದರ ನೆತ್ತಿಯ ಬೆಳ್ಳಿ ಹೊಳಪು ಹಾಲಿನಂತೆ ಬಿಳಿಚಿಕೊಂಡಿತ್ತು. ಓಡಿಹೋಗಿ ಸ್ವಿಚ್ ಆರಿಸಿದೆ.

"ಪೂಜಾರೇರ! ನಾ ಏನು ಹೇಳಿದ್ದೆ?"

"ಭಂಡಾರ ಹಾಕಬ್ಯಾಡ ಅಂದಿದ್ರಿ. ಹಾಕಿಲ್ರಿ. ಕಾಯಿ ನೀರು ಬ್ಯಾಡ ಅಂದಿರಲಿಲ್ಲಲ್ರಿ..." ಆ ಮನುಷ್ಯನನ್ನು ಬೈಯಲು ಬಾಯಿ ಬರಲಿಲ್ಲ. ಗಾಜನ್ನು ಕಾಯಬೇಕಿದ್ದ ಮುಚ್ಚಳ ನನ್ನ ಚೀಲದಲ್ಲೇ ಇತ್ತು.

ರೇಣುಕವ್ವ ಹತ್ತಿರ ಬಂದಳು. "ಆಯಿ ದಾರಿ ಕಾಯಾಕತ್ತಾಳ್ರಿ ಅಕ್ಕಾರ," ಎಂದಳು, ಅಷ್ಟೇ. ಅವಳ ಕಣ್ಣಲ್ಲಿ ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾನು ಕಟ್ಟೆಯ ಮೇಲೆ ಕುಳಿತೆ. ಪೆಟ್ಟಿಗೆಯನ್ನು ಒರೆಸಿ ಒಣಗಿಸುತ್ತ ಬೀರಲಿಂಗಪ್ಪನಿಗೆ ಕೇಳಿದೆ, "ನಾಲ್ಕೆತ್ತಿನ ನೇಗಿಲು ಹೊಡೀವಾಗ ಎಡಕ್ಕಿನ ಒಂದೆತ್ತು ಕುಂಟಿದ್ರ ಏನು ಮಾಡ್ತೀರಿ?"

"ಬಲಕ್ಕಿನ ಅದರ ಜೋಡೀನೂ ಬಿಚ್ಚತೀವ್ರಿ. ಇಲ್ಲಾಂದ್ರ ನೊಗ ಒಂದ ಕಡೆ ಎಳೀತೈತಿ."

"ಇಲ್ಲೂ ಅದ ಲೆಕ್ಕ."

ಸೀಳಿದ ವಾಲ್ವನ್ನು ಕಿತ್ತೆ. ಅದರ ಎದುರು ಬದಿಯ ಒಂದನ್ನು, ಏನೂ ತಪ್ಪು ಮಾಡದ್ದನ್ನು, ಅದನ್ನೂ ಕಿತ್ತೆ. ಉಳಿದದ್ದು ಒಂದೇ ಜೋಡಿ. ಸ್ವಿಚ್ ಹಾಕಿದರೆ ಎರಡೂ ಹೊತ್ತಿಕೊಂಡವು. ಈ ಸಲ ಮೊದಲು ಜಾಳಿಗೆಯ ಮುಚ್ಚಳ ಕೂಡಿಸಿ ತಿರುಪು ಬಿಗಿದೆ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆ, "ಈ ಜೋಡಿಗೆ ಎರಡು ಹಾರ್ನ್ ಎಳಿಯೂ ಶಕ್ತಿ ಇಲ್ಲ. ಒಂದು ಹಾರ್ನ್ ಬಿಚ್ಚಬೇಕು. ಒಂದ ಹಾರ್ನ್ ಚೊಲೊ ಮಾತಾಡ್ತದ. ಯಾವ ಕಡೆದು ಇಡ್ಲಿ?"

"ಅಂಗಳದ್ದು," ಎಂದ ಬಸಣ್ಣ ತಕ್ಷಣ. "ಇಷ್ಟು ಮಂದಿ ಕೂಡ್ಯಾರ್ರಿ. ಹಾಡು ಕೇಳಾಕ ಬಂದು ಮಂದಿ ಬಾಯಿ ನೋಡ್ಕೋತ ಕುಂದರಬೇಕೇನು?"

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ರೇಣುಕವ್ವನ ಕಡೆ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು.

"ಓಣಿ ಕಡೆದು ಇಡ್ರಿ ಅಕ್ಕಾರ. ಬಸಣ್ಣ, ಎದುರಿಗೆ ಕುಂತವ್ರಿಗೆ ನನ್ನ ಗಂಟಲಾ ಸಾಲ್ತೈತಿ. ಸಾಲದಿದ್ರ ನಾ ಮುಂದಾಳಾಗಿ ಏನು ಮಾಡ್ಲಿ? ಸ್ವಲ್ಪ ಸನೇಕ ಸರೀರಿ ಎಲ್ಲಾರೂ."

ಜನ ಸರಿದರು. ಹಿಂದೆ ಗೋಡೆಗೆ ಒರಗಿದ್ದವರು ಎದ್ದು ಬಂದು ಕಟ್ಟೆಯ ಬುಡದಲ್ಲಿ ಕುಳಿತರು. ಅಂಗಳದ ಹಾರ್ನಿನ ತಂತಿ ಬಿಚ್ಚಿದೆ. ಡೊಳ್ಳಿನವರು ಕೈ ಹಗುರ ಮಾಡಿಕೊಂಡರು. ರೇಣುಕವ್ವ ಮೈಕಿನ ಮುಂದೆ ನಿಂತು, ಅಕ್ಕ ಮಾಯವ್ವ ತಮ್ಮ ಬೀರಪ್ಪನನ್ನು ಸಾಕಿದ ಕಥೆಯನ್ನು ಎತ್ತಿಕೊಂಡಳು.

ಎಂಥ ಗಂಟಲು ಅದು! ಅಂಗಳಕ್ಕೆ ಬರಿ ಗಂಟಲಿನಿಂದ, ಓಣಿಗೆ ಹಾರ್ನಿನಿಂದ, ಎರಡು ಕಡೆಗೂ ಹಾಡು ಹರಿಯಿತು. ಒಂದು ಅಕ್ಷರವೂ ಒಡೆಯಲಿಲ್ಲ. ಮಡಿಲ ಕೂಸುಗಳೂ ಸುಮ್ಮನಿದ್ದವು. ನಾನು ಮಾತ್ರ ಅರ್ಧ ಕಿವಿ ಹಾಡಿಗೆ ಕೊಟ್ಟು, ಅರ್ಧ ಆ ಎರಡು ವಾಲ್ವಿಗೆ ಕೊಟ್ಟು ಕುಳಿತಿದ್ದೆ. ಅವು ಮೋಸ ಮಾಡಲಿಲ್ಲ.

ಹಾಡು ಮುಗಿಯಿತು. ಚಪ್ಪಾಳೆ ಬಿದ್ದರೂ ರೇಣುಕವ್ವ ಕೆಳಗಿಳಿಯಲಿಲ್ಲ, ಓಣಿಯ ಬಾಯಿಯನ್ನೇ ನೋಡುತ್ತಿದ್ದಳು. ಸುಧಾರಾಣಿ ಬಲಗೈ ಮುಷ್ಟಿ ಕಟ್ಟಿಕೊಂಡು ಬಿರಬಿರನೆ ಬಂದಳು. ಇಡೀ ಅಂಗಳ ಅವಳ ಬಾಯಿ ನೋಡಿತು.

"ಅತ್ತಿ ಹೇಳ್ಯಾರ," ಎಂದಳು ಏದುಸಿರಿನಲ್ಲಿ. "ಮೂರನೇ ನುಡಿ ಅವಸರ ಮಾಡಿದಿ ಅಂತ. ಮಾಯವ್ವ ಕೂಸಿನ್ನ ಎತ್ತಿಕೊಳ್ಳೂ ಹೊತ್ತಿನಾಗ ಯಾರರೆ ಓಡ್ತಾರೇನು ಅಂತ ಕೇಳ್ಯಾರ. ಅದನ್ನ ಇನ್ನೊಮ್ಮೆ ಹಾಡಬೇಕಂತ."

ರೇಣುಕವ್ವ ಗೊಳ್ಳೆಂದು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ತನ್ನ ತಪ್ಪು ಹಿಡಿಯುವಷ್ಟು ಸ್ಪಷ್ಟವಾಗಿ ಆಯಿಗೆ ಕೇಳಿಸಿದೆ! ಅವಳು ಮತ್ತೆ ಮೈಕಿನ ಮುಂದೆ ನಿಂತು ಮೂರನೆಯ ನುಡಿಯನ್ನು ಹಾಡಿದಳು, ಈ ಸಲ ಕೂಸನ್ನು ಎತ್ತಿಕೊಳ್ಳುವಷ್ಟೇ ನಿಧಾನವಾಗಿ.

ಮುಗಿದ ಮೇಲೆ ಎಲ್ಲರೂ ಮತ್ತೆ ಓಣಿಯ ಕಡೆ ತಿರುಗಿದರು, ಇನ್ನು ಯಾರು ಬರುತ್ತಾರೆ ಎಂದು. ಸುಧಾರಾಣಿ ನಿಂತಲ್ಲೇ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಭಂಡಾರ, ಬೆವರಿಗೆ ಒದ್ದೆಯಾಗಿತ್ತು.

"ಇದನ್ನ ಯಾವಾಗ ಕೊಟ್ರ?" ಎಂದಳು ರೇಣುಕವ್ವ.

"ಮೊದಲ ಕೊಟ್ಟ ಕಳಿಸ್ಯಾರ. ತಿದ್ದಿಕೊಂಡು ಹಾಡ್ತಾಳ, ಹಾಡಿದ ಮ್ಯಾಲ ಹಚ್ಚು ಅಂದ್ರು."

ರೇಣುಕವ್ವನ ಹಣೆ ತುಂಬ ಹಚ್ಚಿದಳು. ಅಂಗಳದಲ್ಲಿ ಡೊಳ್ಳು ಗುಡುಗಿತು. ಅಂಗೈಯಲ್ಲಿ ಇನ್ನೂ ಒಂದು ಚಿಟಿಕೆ ಉಳಿದಿತ್ತು. "ಇದು ಪೆಟ್ಟಿಗಿಗಂತ," ಎನ್ನುತ್ತ ಸುಧಾರಾಣಿ ಕಟ್ಟೆಯ ಕಡೆ ಬಂದಳು. ಬೀರಲಿಂಗಪ್ಪ ಎರಡೂ ಕೈ ಅಡ್ಡ ಚಾಚಿ ಪೆಟ್ಟಿಗೆಯ ಮುಂದೆ ನಿಂತುಬಿಟ್ಟ.

"ಬ್ಯಾಡವಾ ತಂಗಿ! ಅಕ್ಕಾರು ಬೈತಾರ!"

ನಾನು ಅವನನ್ನು ಸರಿಸಿ ಮುಂದೆ ಬಂದು, ಪೆಟ್ಟಿಗೆಯ ಬದಲು ನನ್ನ ಹಣೆ ಕೊಟ್ಟೆ.